ಚೌಕದ ಹೆಸರು ಹೋಯಿತು, ಬೀದಿಯ ಹೆಸರು ಉಳಿಯಿತು: ಟೊರೊಂಟೊದ ಡಂಡಾಸ್ ಜಗಳ

2023ರ ಡಿಸೆಂಬರ್‌ನಲ್ಲಿ ಕೆನಡಾದ ಟೊರೊಂಟೊ ನಗರ ಪಾಲಿಕೆ ಒಂದೇ ಸಭೆಯಲ್ಲಿ ಎರಡು ತೀರ್ಮಾನ ತೆಗೆದುಕೊಂಡಿತು. ಊರಿನ ನಡುಮಧ್ಯದಲ್ಲಿರುವ ಯಂಗ್-ಡಂಡಾಸ್ ಸ್ಕ್ವೇರ್‌ಗೆ ಆ ಹೆಸರು ಬೇಡ, ಇನ್ನು ಮುಂದೆ ಅದು ‘ಸಂಕೋಫಾ ಸ್ಕ್ವೇರ್’. ಆದರೆ ಆ ಚೌಕದ ಪಕ್ಕದಲ್ಲೇ ಹಾದುಹೋಗುವ ಡಂಡಾಸ್ ಸ್ಟ್ರೀಟ್‌ನ ಹೆಸರು ಹಾಗೇ ಇರಲಿ. ಎರಡೂ ಹೆಸರು ಒಬ್ಬನದೇ. ಎರಡು ವರ್ಷದ ಹಿಂದೆ ಇದೇ ಪಾಲಿಕೆ ಬೀದಿಯ ಹೆಸರನ್ನು ಬದಲಿಸುವುದಾಗಿ ಮತ ಹಾಕಿ ಒಪ್ಪಿಕೊಂಡಿತ್ತು ಕೂಡ.

ದೂರದಿಂದ ನೋಡುವವರಿಗೆ ಇದು ತಮಾಷೆ ಅನಿಸಬಹುದು. ಒಬ್ಬ ಮನುಷ್ಯನ ಹೆಸರು ಚೌಕಕ್ಕೆ ಬೇಡವಾಗಿ, ಬೀದಿಗೆ ಪರವಾಗಿಲ್ಲ ಅನ್ನುವುದು ಹೇಗೆ? ಈ ಜಗಳವನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ಬೇರೆ ಬೇರೆ ಜಗಳಗಳು ಸಿಗುತ್ತವೆ. ಒಂದು, ಆ ಮನುಷ್ಯ ನಿಜಕ್ಕೂ ಏನು ಮಾಡಿದ ಅನ್ನುವುದು. ಇನ್ನೊಂದು, ಬೀದಿಯ ಬೋರ್ಡಿನ ಮೇಲಿರುವ ಹೆಸರು ಮರ್ಯಾದೆಯೋ ಅಥವಾ ಬರೀ ವಿಳಾಸವೋ ಅನ್ನುವುದು. ಮತ್ತೊಂದು, ಬದಲಿಸುವ ಖರ್ಚು ಯಾರದು ಅನ್ನುವುದು. ಟೊರೊಂಟೊ ಮೊದಲನೆಯದನ್ನು ತೀರ್ಮಾನಿಸಿ ಹೊರಟಿತು, ಮೂರನೆಯದನ್ನು ಕಂಡು ಹಿಂದೆ ಸರಿಯಿತು. ಎರಡನೆಯದನ್ನು ಯಾರೂ ಸರಿಯಾಗಿ ಕೇಳಲೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಡಂಡಾಸ್ ಯಾರು ಅಂತ ನೋಡೋಣ. ಕನ್ನಡದವರಿಗೆ ಈತ ಪೂರ್ತಿ ಹೊರಗಿನವನೇನಲ್ಲ.

ಹೆನ್ರಿ ಡಂಡಾಸ್ ಹುಟ್ಟಿದ್ದು 1742ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ವೃತ್ತಿಯಲ್ಲಿ ವಕೀಲ, ಆಮೇಲೆ ರಾಜಕಾರಣಿ. ಸ್ಕಾಟ್ಲೆಂಡಿನಲ್ಲಿ ಯಾರಿಗೆ ಹುದ್ದೆ ಸಿಗಬೇಕು, ಯಾರು ಪಾರ್ಲಿಮೆಂಟಿಗೆ ಹೋಗಬೇಕು ಅನ್ನುವುದೆಲ್ಲ ಆತನ ಕೈಯಲ್ಲಿತ್ತು. ಅದಕ್ಕೇ ಜನ ಆತನನ್ನು ಕಿರೀಟವಿಲ್ಲದ ರಾಜ ಅನ್ನುತ್ತಿದ್ದರು. ಪ್ರಧಾನಿ ವಿಲಿಯಂ ಪಿಟ್‌ಗೆ ಬಲಗೈ. 1791ರಿಂದ 1794ರವರೆಗೆ ಗೃಹಮಂತ್ರಿ, ಅಲ್ಲಿಂದ 1801ರವರೆಗೆ ಯುದ್ಧಮಂತ್ರಿ. ಇದರ ಜೊತೆಗೇ ಇನ್ನೊಂದು ಕುರ್ಚಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಸರ್ಕಾರದ ಹಿಡಿತ ಇರಲಿ ಎಂದು 1784ರ ಪಿಟ್ ಕಾಯ್ದೆಯ ಪ್ರಕಾರ ಲಂಡನ್ನಿನಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಶುರುವಾಯಿತು. ಮೊದಲಿನಿಂದಲೂ ಅದರ ಸದಸ್ಯನಾಗಿದ್ದ ಡಂಡಾಸ್ 1793ರಿಂದ 1801ರವರೆಗೆ ಅದರ ಅಧ್ಯಕ್ಷ.

ಅಂದರೆ ಟಿಪ್ಪು ಸುಲ್ತಾನನ ಮೇಲೆ ನಡೆದ ಕೊನೆಯ ಎರಡು ಯುದ್ಧಗಳ ಹೊತ್ತಿನಲ್ಲಿ ಲಂಡನ್ನಿನಲ್ಲಿ ಕೂತು ಭಾರತದ ವ್ಯವಹಾರ ನೋಡುತ್ತಿದ್ದವರಲ್ಲಿ ಈತ ದೊಡ್ಡವನು. 1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು, ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ನ ಕೈಗೆ ಒತ್ತೆ ಕಳಿಸಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಆತ ಇಲ್ಲಿಂದ ಪತ್ರ ಬರೆದು ವಿಚಾರ ತಿಳಿಸುತ್ತಿದ್ದದ್ದು ಇದೇ ಡಂಡಾಸ್‌ಗೆ.

ಈ 1792ರ ಇಸವಿಯನ್ನು ಸ್ವಲ್ಪ ನೆನಪಿಡಿ. ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಬಿದ್ದು ಹದಿನೈದು ದಿನಕ್ಕೆ, ಆ ಸುದ್ದಿ ಇನ್ನೂ ಹಡಗಿನಲ್ಲಿ ದಾರಿಯಲ್ಲಿದ್ದಾಗ, ಡಂಡಾಸ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಮಾಡಿದ ಒಂದು ತಿದ್ದುಪಡಿಯೇ ಟೊರೊಂಟೊದ ಜಗಳಕ್ಕೆ ಮೂಲ. ಅದಕ್ಕೆ ಆಮೇಲೆ ಬರೋಣ.

ಹೆಸರು ಕೆನಡಾಕ್ಕೆ ಹೋದದ್ದು ಹೀಗೆ. ಈಗಿನ ಒಂಟಾರಿಯೊ ಪ್ರಾಂತ್ಯಕ್ಕೆ ಆಗ ಅಪ್ಪರ್ ಕೆನಡಾ ಅಂತ ಹೆಸರು. ಅಲ್ಲಿನ ಮೊದಲ ಲೆಫ್ಟಿನೆಂಟ್ ಗವರ್ನರ್ ಜಾನ್ ಗ್ರೇವ್ಸ್ ಸಿಮ್ಕೊ. ಪಕ್ಕದ ಅಮೆರಿಕ ಆಗತಾನೇ ಬ್ರಿಟಿಷರಿಂದ ಬಿಡಿಸಿಕೊಂಡಿತ್ತು. ಯಾವತ್ತು ದಾಳಿ ಮಾಡುತ್ತದೋ ಅನ್ನುವ ಭಯ. ಸೈನ್ಯ ಓಡಾಡಲು ರಸ್ತೆ ಬೇಕು ಎಂದು ಸಿಮ್ಕೊ 1793ರಲ್ಲಿ ಕ್ವೀನ್ಸ್ ರೇಂಜರ್ಸ್ ಎಂಬ ತನ್ನ ಪಡೆಯಿಂದ ಕಾಡು ಕಡಿಸಿ, ಒಂಟಾರಿಯೊ ಸರೋವರದ ಪಶ್ಚಿಮ ತುದಿಯಿಂದ ಥೇಮ್ಸ್ ನದಿಯ ಕಡೆಗೆ ದಾರಿ ಮಾಡಿಸಿದ. ಥೇಮ್ಸ್ ಅಂದರೆ ಲಂಡನ್ನಿನದಲ್ಲ, ಅದೇ ಹೆಸರಿನ ಕೆನಡಾದ ನದಿ. ಹೆಸರಿಡುವುದರಲ್ಲಿ ಸಿಮ್ಕೊಗೆ ಭಾರಿ ಉಮೇದು. ಆ ಕಾಲಕ್ಕೆ ವಸಾಹತುಗಳು ಗೃಹಮಂತ್ರಿಯ ಕೈಕೆಳಗೆ ಬರುತ್ತಿದ್ದವು. ಹಾಗಾಗಿ ರಸ್ತೆಗೆ ಗೃಹಮಂತ್ರಿ ಡಂಡಾಸ್‌ನ ಹೆಸರು. ಉತ್ತರಕ್ಕೆ ಹೋಗುವ ಇನ್ನೊಂದು ರಸ್ತೆಗೆ ಯುದ್ಧ ಇಲಾಖೆಯ ಕಾರ್ಯದರ್ಶಿ ಜಾರ್ಜ್ ಯಂಗ್‌ನ ಹೆಸರು. ನೇರವಾಗಿ ಹೇಳಬೇಕೆಂದರೆ ಮೇಲಿನವರಿಗೆ ಬೆಣ್ಣೆ ಹಚ್ಚುವ ಕೆಲಸ. ಡಂಡಾಸ್ ಕೆನಡಾಕ್ಕೆ ಒಂದು ಸಲವೂ ಬರಲಿಲ್ಲ.

ಸಿಮ್ಕೊ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅದೇ 1793ರಲ್ಲಿ ಆತ ಅಪ್ಪರ್ ಕೆನಡಾದಲ್ಲಿ ಗುಲಾಮಗಿರಿಯನ್ನು ಮಿತಿಗೊಳಿಸುವ ಕಾಯ್ದೆ ತಂದ. ಕ್ಲೋಯಿ ಕೂಲಿ ಎಂಬ ಕಪ್ಪು ಹೆಣ್ಣುಮಗಳನ್ನು ಆಕೆಯ ಯಜಮಾನ ಕಟ್ಟಿ ದೋಣಿಗೆ ಹಾಕಿ, ನಯಾಗರ ನದಿ ದಾಟಿಸಿ ಮಾರಿದ. ಆಕೆ ಕೂಗಾಡಿ ಪ್ರತಿಭಟಿಸಿದ ಸುದ್ದಿ ಸಿಮ್ಕೊ ಕಿವಿಗೆ ಬಿತ್ತು. ಗುಲಾಮಗಿರಿಯನ್ನು ಪೂರ್ತಿ ತೆಗೆಯಬೇಕೆಂದು ಆತ ಹೊರಟ. ಆದರೆ ಶಾಸನ ಮಾಡಬೇಕಾದವರಲ್ಲೇ ಹಲವರ ಮನೆಯಲ್ಲಿ ಗುಲಾಮರಿದ್ದರು. ಕೊನೆಗೆ ಆದದ್ದು ರಾಜಿ. ಹೊಸದಾಗಿ ಗುಲಾಮರನ್ನು ತರುವಂತಿಲ್ಲ, ಇರುವವರು ಇದ್ದಂತೆಯೇ ಇರಬೇಕು, ಇನ್ನು ಮುಂದೆ ಅವರಿಗೆ ಹುಟ್ಟುವ ಮಕ್ಕಳಿಗೆ 25 ವರ್ಷ ತುಂಬಿದಾಗ ಬಿಡುಗಡೆ. ‘ನಿಧಾನವಾಗಿ’ ಬಿಡುಗಡೆ ಮಾಡುವ ಈ ಯೋಚನೆ ಆ ಕಾಲದ ಗಾಳಿಯಲ್ಲೇ ಇತ್ತು ಅನ್ನುವುದು ಮುಂದಿನ ಮಾತಿಗೆ ಮುಖ್ಯ.

ಈಗ ಆ ತಿದ್ದುಪಡಿಗೆ ಬರೋಣ. ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿ ಕೆರಿಬಿಯನ್ ತೋಟಗಳಿಗೆ ಮಾರುವ ವ್ಯಾಪಾರದಲ್ಲಿ ಬ್ರಿಟಿಷರು ಆಗ ಮುಂಚೂಣಿಯಲ್ಲಿದ್ದರು. ಅದನ್ನು ನಿಲ್ಲಿಸಬೇಕು ಎಂದು ವಿಲಿಯಂ ವಿಲ್ಬರ್‌ಫೋರ್ಸ್ 1791ರಲ್ಲಿ ತಂದ ಪ್ರಸ್ತಾಪ ಬಿದ್ದುಹೋಯಿತು. ಪರವಾಗಿ 88 ಮತ, ವಿರುದ್ಧವಾಗಿ 163. ಬಿಡದೆ 1792ರ ಏಪ್ರಿಲ್ 2ರಂದು ಮತ್ತೆ ತಂದರು. ಈ ಸಲ ಬೀದಿಯಲ್ಲಿ ಜನರ ಬೆಂಬಲ ಜೋರಾಗಿತ್ತು. ಊರೂರಿನಿಂದ ಮನವಿಗಳು ಬಂದಿದ್ದವು. ಆಗ ಡಂಡಾಸ್ ಎದ್ದು ನಿಂತ. ವ್ಯಾಪಾರ ನಿಲ್ಲಬೇಕು ಅನ್ನುವುದನ್ನು ಒಪ್ಪುತ್ತೇನೆ, ಆದರೆ ಅದು ‘ಕ್ರಮೇಣ’ ಆಗಲಿ ಅಂದ. ಆ ಒಂದು ಪದ ಸೇರಿಸಿದ ಮೇಲೆ ಪ್ರಸ್ತಾಪ 230 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದದ್ದು 85 ಮಾತ್ರ.

ಕ್ರಮೇಣ ಅಂದರೆ ಯಾವಾಗ? ಡಂಡಾಸ್ 1800 ಅಂತ ಗಡುವು ಕೊಟ್ಟ. ಸದನ ಅದನ್ನು ಹಿಂದಕ್ಕೆ ಎಳೆದು 1796 ಮಾಡಿತು. ಆದರೆ ಮೇಲ್ಮನೆಯಾದ ಲಾರ್ಡ್ಸ್ ಸಭೆ ಸಾಕ್ಷಿ ಕೇಳುತ್ತೇವೆ, ವಿಚಾರಣೆ ಮಾಡುತ್ತೇವೆ ಎಂದು ಎಳೆದಾಡಿ ಅದನ್ನು ಅಲ್ಲೇ ಕೊಳೆಹಾಕಿತು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಬಂತು. 1796 ಬಂದಾಗ ವಿಲ್ಬರ್‌ಫೋರ್ಸ್ ಮತ್ತೆ ಮಸೂದೆ ತಂದರು. ಅದು ಸೋತದ್ದು ಬರೀ ನಾಲ್ಕು ಮತಗಳಿಂದ, 74ಕ್ಕೆ 70. ಬೆಂಬಲಿಸಬೇಕಾದ ಕೆಲವರು ಆ ಸಂಜೆ ಆಪೆರಾ ನೋಡಲು ಹೋಗಿದ್ದರು ಎಂದು ಅವರು ನೊಂದುಕೊಂಡರು. ಗಡುವಿನ ಮಾತು ಮೊದಲು ಎತ್ತಿದ ಡಂಡಾಸ್ ಆ ಸಲ ಯುದ್ಧದ ಹೊತ್ತಲ್ಲಿ ಇದು ಬೇಡ ಎಂದು ವಿರೋಧಿಸಿದ್ದ. ಕೊನೆಗೆ ವ್ಯಾಪಾರ ನಿಷೇಧವಾದದ್ದು 1807ರಲ್ಲಿ.

ಇಲ್ಲಿಂದ ಎರಡು ಕಥೆ ಕವಲೊಡೆಯುತ್ತವೆ.

ಒಂದು ಕಡೆಯವರ ವಾದ ಹೀಗಿದೆ. 1792ರಲ್ಲಿ ವ್ಯಾಪಾರ ನಿಲ್ಲುವ ಸಾಧ್ಯತೆ ಇತ್ತು. ಡಂಡಾಸ್ ಅದನ್ನು ಮುಂದೂಡಿಸಿದ. ಹಾಗೆ ಕಳೆದ ಹದಿನೈದು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರು ಅಟ್ಲಾಂಟಿಕ್ ದಾಟಿ ಗುಲಾಮರಾದರು. ಎಡಿನ್‌ಬರೊದಲ್ಲಿ ಸುಮಾರು 150 ಅಡಿ ಎತ್ತರದ ಕಂಬದ ಮೇಲೆ ಡಂಡಾಸ್‌ನ ಪ್ರತಿಮೆ ನಿಂತಿದೆ. ಅದರ ಬುಡದಲ್ಲಿ ಇದನ್ನು ಬರೆಸಬೇಕು ಎಂದು ವರ್ಷಗಟ್ಟಲೆ ಹೋರಾಡಿದವರು ಜಮೈಕಾದಲ್ಲಿ ಹುಟ್ಟಿದ ವಿಜ್ಞಾನಿ ಸರ್ ಜೆಫ್ ಪಾಮರ್. 2021ರಲ್ಲಿ ಅಲ್ಲಿ ಫಲಕ ಬಂತು.

ಇನ್ನೊಂದು ಕಡೆಯವರು ಕೇಳುವುದು ಬೇರೆ. 1791ರ ಸೋಲು ನೋಡಿದಿರಲ್ಲ, ‘ಕ್ರಮೇಣ’ ಅನ್ನುವ ಪದ ಸೇರದಿದ್ದರೆ 1792ರಲ್ಲೂ ಅದೇ ಗತಿಯಾಗುತ್ತಿರಲಿಲ್ಲವೇ? ಕೆಳಮನೆಯಲ್ಲಿ ಪಾಸಾಗಿದ್ದರೂ ಲಾರ್ಡ್ಸ್ ಬಿಡುತ್ತಿತ್ತೇ? ತೋಟದ ಮಾಲೀಕರು, ಹಡಗಿನ ಮಾಲೀಕರು, ರಾಜಮನೆತನ, ಯುದ್ಧ ಎಲ್ಲವನ್ನೂ ಬಿಟ್ಟು ಒಬ್ಬನ ತಲೆಗೆ ಕಟ್ಟುವುದು ಇತಿಹಾಸವಾಗುತ್ತದೆಯೇ? ಸ್ಕಾಟ್ಲೆಂಡಿನ ಹೆಸರಾಂತ ಇತಿಹಾಸಕಾರ ಸರ್ ಟಾಮ್ ಡಿವೈನ್ ಈ ಕಡೆಯವರು. ಅವರ ಕಡೆಗೆ ಇನ್ನೊಂದು ಗಟ್ಟಿ ದಾಖಲೆ ಇದೆ. ಆಫ್ರಿಕಾದಿಂದ ಜಮೈಕಾಕ್ಕೆ, ಅಲ್ಲಿಂದ ಸ್ಕಾಟ್ಲೆಂಡಿಗೆ ಯಜಮಾನನ ಜೊತೆ ಬಂದ ಜೋಸೆಫ್ ನೈಟ್ ಎಂಬಾತ ತನ್ನ ಬಿಡುಗಡೆಗಾಗಿ ಕೋರ್ಟಿಗೆ ಹೋದಾಗ ಆತನ ಪರ ವಾದಿಸಿದವರಲ್ಲಿ ಡಂಡಾಸ್ ಒಬ್ಬ. 1778ರಲ್ಲಿ ಎಡಿನ್‌ಬರೊ ಕೋರ್ಟು ಸ್ಕಾಟ್ಲೆಂಡಿನ ನೆಲದಲ್ಲಿ ಗುಲಾಮಗಿರಿಗೆ ಕಾನೂನಿನ ಬಲವಿಲ್ಲ ಎಂದು ತೀರ್ಪು ಕೊಟ್ಟಿತು.

ಎರಡರಲ್ಲಿ ಯಾವುದು ಸರಿ? ನನ್ನನ್ನು ಕೇಳಿದರೆ, 1792ರ ಒಂದು ದಿನದ ಮೇಲೆ ಎಲ್ಲ ಭಾರ ಹಾಕಿದ್ದೇ ಈ ವಾದದ ದೌರ್ಬಲ್ಯ. ಹಾಗಾಗದಿದ್ದರೆ ಹೀಗಾಗುತ್ತಿತ್ತು ಅನ್ನುವುದನ್ನು ಯಾರೂ ಸಾಬೀತು ಮಾಡಲಾರರು. ಆದರೆ ಆ ದಿನವನ್ನು ಪಕ್ಕಕ್ಕಿಟ್ಟು ನೋಡಿದರೂ ಡಂಡಾಸ್ ಹಗುರಾಗುವುದಿಲ್ಲ. ಯುದ್ಧಮಂತ್ರಿಯಾಗಿ ಆತ ಸೈನ್ಯ ಕಳಿಸಿದ ಜಾಗಗಳಲ್ಲಿ ಈಗಿನ ಹೈಟಿಯೂ ಒಂದು. ಅಲ್ಲಿ ದಂಗೆಯೆದ್ದು ಬಿಡುಗಡೆ ಪಡೆದಿದ್ದ ಗುಲಾಮರ ಮೇಲೆ ಬ್ರಿಟಿಷರು ಐದು ವರ್ಷ ಯುದ್ಧ ಮಾಡಿ, ಸಾವಿರಾರು ಸೈನಿಕರನ್ನು ಕಾಯಿಲೆಗೆ ಕೊಟ್ಟು, 1798ರಲ್ಲಿ ಬರಿಗೈಯಲ್ಲಿ ವಾಪಸ್ ಬಂದರು. ಕೆರಿಬಿಯನ್ ಪಡೆಗಳಿಗೆಂದು ಬ್ರಿಟಿಷ್ ಸೈನ್ಯವೇ ಸಾವಿರಾರು ಗುಲಾಮರನ್ನು ದುಡ್ಡು ಕೊಟ್ಟು ಕೊಂಡದ್ದು ಶುರುವಾದದ್ದೂ ಇದೇ ಕಾಲದಲ್ಲಿ. ಈ ಲೆಕ್ಕಕ್ಕೆ ಮೈಸೂರನ್ನೂ ಸೇರಿಸಬಹುದು. ಆದರೆ ಟೊರೊಂಟೊದ ವಾದ ಸುತ್ತಿದ್ದು ಗುಲಾಮರ ವ್ಯಾಪಾರದ ಸುತ್ತಲೇ. ಅದು ಸಹಜ ಬಿಡಿ, ಯಾವ ಗಾಯ ಯಾರದೋ ಅವರು ಅದನ್ನೇ ಮೊದಲು ತೋರಿಸುತ್ತಾರೆ. ಆತ ಒಳ್ಳೆಯ ವಕೀಲನಾಗಿ ಒಬ್ಬ ಗುಲಾಮನನ್ನು ಬಿಡಿಸಿದ್ದೂ ನಿಜ, ಮಂತ್ರಿಯಾಗಿ ಲಕ್ಷಾಂತರ ಜನರ ವಿಷಯದಲ್ಲಿ ಸಾಮ್ರಾಜ್ಯದ ಲಾಭವನ್ನೇ ನೋಡಿದ್ದೂ ನಿಜ.

ಟೊರೊಂಟೊದಲ್ಲಿ ಇದು ಹೊತ್ತಿಕೊಂಡದ್ದು 2020ರಲ್ಲಿ. ಆ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ಜೂನ್ 7ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜನ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಉರುಳಿಸಿ ನೀರಿಗೆ ಎಸೆದರು. ಅದೇ ತಿಂಗಳು ಡಂಡಾಸ್ ಸ್ಟ್ರೀಟ್ ಹೆಸರು ಬದಲಿಸಿ ಎಂಬ ಮನವಿಗೆ ಟೊರೊಂಟೊದಲ್ಲಿ ಸುಮಾರು 14 ಸಾವಿರ ಜನ ಸಹಿ ಹಾಕಿದರು. 2021ರ ಬೇಸಿಗೆಯಲ್ಲಿ ಕೆನಡಾದ ಕಮ್‌ಲೂಪ್ಸ್ ಎಂಬ ಊರಿನ ಹಳೆಯ ವಸತಿ ಶಾಲೆಯ ಆವರಣದಲ್ಲಿ ಮಕ್ಕಳ ಗುರುತಿಲ್ಲದ ಸಮಾಧಿಗಳಿರಬಹುದು ಎಂಬ ಸುದ್ದಿ ಬಂತು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತು ತಂದು ಇಟ್ಟಿದ್ದ ಶಾಲೆ ಅದು. ದೇಶವೇ ತಲ್ಲಣಿಸಿತು. ಅಂಥ ಶಾಲೆಗಳ ಕಲ್ಪನೆಗೆ ಕಾರಣನಾದವರಲ್ಲಿ ಒಬ್ಬ ಎಂದು ಎಗರ್ಟನ್ ರೈಯರ್ಸನ್ ಪ್ರತಿಮೆಯನ್ನು ಟೊರೊಂಟೊದಲ್ಲಿ ಉರುಳಿಸಿದರು. ಆತನ ಹೆಸರಿನ ವಿಶ್ವವಿದ್ಯಾಲಯ ಮರುವರ್ಷ ಟೊರೊಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ ಆಯಿತು. ಇಂಥ ಬಿಸಿಯಲ್ಲಿ 2021ರ ಜುಲೈನಲ್ಲಿ ಮೇಯರ್ ಜಾನ್ ಟೋರಿ ಬೆಂಬಲದೊಂದಿಗೆ ಪಾಲಿಕೆ 17ಕ್ಕೆ 7 ಮತಗಳಿಂದ ಡಂಡಾಸ್ ಹೆಸರು ತೆಗೆಯಲು ಒಪ್ಪಿತು.

ಹೆಸರು ತೆಗೆಯುವುದು ಅಂದರೆ ಬೋರ್ಡು ಬದಲಿಸುವುದು ತಾನೇ ಅಂದುಕೊಳ್ಳುತ್ತೇವೆ. ಡಂಡಾಸ್ ಸ್ಟ್ರೀಟ್ ಅಂಥ ಗಲ್ಲಿಯಲ್ಲ. ಟೊರೊಂಟೊ ಗಡಿಯೊಳಗೇ ಸುಮಾರು 23 ಕಿಲೋಮೀಟರ್ ಉದ್ದ. ಚೈನಾಟೌನ್, ಪೋರ್ಚುಗೀಸರ ಬಡಾವಣೆ, ಆಸ್ಪತ್ರೆಗಳು, ಅಂಗಡಿಗಳು ಎಲ್ಲವನ್ನೂ ಹಾದುಹೋಗುತ್ತದೆ. ಪಾಲಿಕೆಯ ಲೆಕ್ಕದ ಪ್ರಕಾರ ಈ ಬೀದಿಯ ಉದ್ದಕ್ಕೂ ಸುಮಾರು 97 ಸಾವಿರ ಜನ ವಾಸಿಸುತ್ತಾರೆ, ಸುಮಾರು 4,500 ವ್ಯಾಪಾರ ವಹಿವಾಟುಗಳಿವೆ. ಇವರೆಲ್ಲರ ಡ್ರೈವಿಂಗ್ ಲೈಸೆನ್ಸ್, ಹೆಲ್ತ್ ಕಾರ್ಡ್, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಅಂಗಡಿ ಬೋರ್ಡು, ಬಿಲ್ ಪುಸ್ತಕ ಎಲ್ಲ ಬದಲಾಗಬೇಕು. ಅದರ ಮೇಲೆ ಪಾಲಿಕೆಯ ಕೆಲಸ: ಬೀದಿಯ ಫಲಕಗಳು, ಹೆದ್ದಾರಿಯ ದಾರಿ ಸೂಚಿಗಳು, ಬಸ್ಸು ಟ್ರಾಮುಗಳ ನಿಲ್ದಾಣ, ಮೆಟ್ರೊ ನಕ್ಷೆ, ತುರ್ತು ಸೇವೆಯವರ ಕಂಪ್ಯೂಟರು.

ಇನ್ನೊಂದು ತೊಡಕೂ ಇತ್ತು. ಎಟೊಬಿಕೊ ತೊರೆ ದಾಟಿ ಪಶ್ಚಿಮಕ್ಕೆ ಹೋದರೆ ಮಿಸಿಸಾಗ ನಗರ ಶುರು. ಭಾರತದಿಂದ ಹೋದ ಎಷ್ಟೋ ಕುಟುಂಬಗಳು, ಕನ್ನಡದವರೂ, ಆ ಕಡೆ ನೆಲೆಸಿದ್ದಾರೆ. ಅಲ್ಲಿಯೂ ಇದೇ ಬೀದಿ, ಇದೇ ಹೆಸರು. ಆ ಊರಿನ ಬೀದಿಗೆ ಹೆಸರಿಡುವ ಅಧಿಕಾರ ಟೊರೊಂಟೊಗಿಲ್ಲ. ಹಾಗಾಗಿ ಟೊರೊಂಟೊ ಬದಲಿಸಿದರೂ ತೊರೆಯ ಆಚೆ ಡಂಡಾಸ್ ಇದ್ದೇ ಇರುತ್ತಿದ್ದ. ಹ್ಯಾಮಿಲ್ಟನ್ ಹತ್ತಿರ ಡಂಡಾಸ್ ಅನ್ನುವ ಒಂದು ಊರೇ ಇದೆ.

ಖರ್ಚಿನ ಅಂದಾಜು ಶುರುವಾದದ್ದು 51ರಿಂದ 63 ಲಕ್ಷ ಡಾಲರ್‌ನಲ್ಲಿ. ಆಮೇಲೆ 86 ಲಕ್ಷ ಆಯಿತು. 2023ರ ಕೊನೆಗೆ 1 ಕೋಟಿ 13 ಲಕ್ಷದಿಂದ 1 ಕೋಟಿ 27 ಲಕ್ಷ ಡಾಲರ್ ಅಂದರು. ನಮ್ಮ ದುಡ್ಡಿನಲ್ಲಿ ಸುಮಾರು 70ರಿಂದ 80 ಕೋಟಿ ರೂಪಾಯಿ. ಅಷ್ಟರಲ್ಲಿ ಟೋರಿ ರಾಜೀನಾಮೆ ಕೊಟ್ಟಾಗಿತ್ತು. 2023ರ ಜೂನ್‌ನಲ್ಲಿ ಗೆದ್ದು ಬಂದ ಒಲಿವಿಯಾ ಚೌ ಕೈಗೆ ಸಿಕ್ಕಿದ್ದು ದೊಡ್ಡ ಕೊರತೆಯ ಬಜೆಟ್. ಮಲಗಲು ಸೂರಿಲ್ಲದ ಜನ ಪಾರ್ಕುಗಳಲ್ಲಿ ಟೆಂಟ್ ಹಾಕಿದ್ದರು. ಮಾಜಿ ಮೇಯರ್‌ಗಳಾದ ಡೇವಿಡ್ ಕ್ರಾಂಬಿ, ಜಾನ್ ಸೂಅಲ್, ಆರ್ಟ್ ಎಗಲ್ಟನ್ ಮೂವರೂ ಸೇರಿ ಈ ನಿರ್ಧಾರವನ್ನು ಮತ್ತೊಮ್ಮೆ ಯೋಚಿಸಿ ಎಂದು ಪತ್ರ ಬರೆದರು. ಹೆಸರಿಗೆ ಈ ದುಡ್ಡು ಸುರಿಯಬೇಕೇ ಅನ್ನುವ ಪ್ರಶ್ನೆಗೆ ಉತ್ತರ ಸಿದ್ಧವಾಗೇ ಇತ್ತು.

ಡಿಸೆಂಬರ್‌ನ ರಾಜಿ ಹೀಗೆ ಹುಟ್ಟಿತು. ಬೀದಿ ಬಿಡೋಣ. ಚೌಕ, ಎರಡು ಮೆಟ್ರೊ ಸ್ಟೇಷನ್, ಒಂದು ಗ್ರಂಥಾಲಯದ ಶಾಖೆ ಇಷ್ಟರಿಂದ ಡಂಡಾಸ್ ಹೆಸರು ತೆಗೆಯೋಣ. ಪರವಾಗಿ 19, ವಿರುದ್ಧ 2. ಚೌಕದಲ್ಲಿ ಯಾರೂ ವಾಸವಿಲ್ಲ, ಯಾರ ಲೈಸೆನ್ಸೂ ಬದಲಾಗಬೇಕಿಲ್ಲ. ಚೌಕದ ಪಕ್ಕದ ಸ್ಟೇಷನ್ನಿನ ಖರ್ಚನ್ನು ಹೆಸರು ಬದಲಿಸಿಕೊಂಡ ಆ ವಿಶ್ವವಿದ್ಯಾಲಯವೇ ಕೊಡುವುದು, ಸ್ಟೇಷನ್ನಿಗೆ ಅದರ ಹೆಸರಿಡುವುದು ಎಂದೂ ಮಾತಾಯಿತು.

ಇದರಿಂದ ಸಮಾಧಾನವಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪು. ಬೇರೆಯೇ ಗಲಾಟೆ ಶುರುವಾಯಿತು. ಸಂಕೋಫಾ ಅನ್ನುವುದು ಪಶ್ಚಿಮ ಆಫ್ರಿಕಾದ ಘಾನಾದಲ್ಲಿರುವ ಅಕಾನ್ ಜನರ ಮಾತು. ಹಿಂದೆ ಹೋಗಿ ಬಿಟ್ಟುಬಂದದ್ದನ್ನು ತೆಗೆದುಕೋ ಎಂಬ ಅರ್ಥ. ಟೊರೊಂಟೊದ ಬಹುಪಾಲು ಜನ ಆ ಪದವನ್ನು ಮೊದಲ ಸಲ ಕೇಳಿದ್ದು ಅಂದು. ಕಪ್ಪು ಸಮುದಾಯದವರು, ಮೂಲನಿವಾಸಿಗಳು, ಸ್ಥಳೀಯ ನಿವಾಸಿಗಳು, ವ್ಯಾಪಾರಿಗಳು ಇದ್ದ ಸಲಹಾ ಸಮಿತಿ ಈ ಹೆಸರನ್ನು ಆರಿಸಿತ್ತು. ಊರಿನವರ ಮುಂದೆ ನಾಲ್ಕಾರು ಹೆಸರಿಟ್ಟು ಕೇಳಿದ್ದಿಲ್ಲ. ಅಕಾನ್ ಜನರದೇ ಆದ ಅಶಾಂತಿ ರಾಜ್ಯವೂ ಗುಲಾಮರ ವ್ಯಾಪಾರದಲ್ಲಿ ಪಾಲುದಾರನಾಗಿತ್ತಲ್ಲ ಎಂದು ವಿರೋಧಿಗಳು ಎತ್ತಿ ತೋರಿಸಿದರು. ಅದು ಇತಿಹಾಸದಲ್ಲಿ ನಿಜವೇ. ಹೆಸರಿನ ಪರ ಇದ್ದವರು ಇದು ಯಾವ ರಾಜನ ಹೆಸರೂ ಅಲ್ಲ, ಒಂದು ವಿಚಾರ ಮಾತ್ರ ಅಂದರು. ಅದೂ ಸರಿಯೇ. ಆದರೆ ಯಾರನ್ನೂ ಕೇಳದೆ ಸಿಮ್ಕೊ ಇಟ್ಟ ಹೆಸರನ್ನು ತೆಗೆಯುವಾಗ, ಹೊಸ ಹೆಸರನ್ನಾದರೂ ಊರಿನವರನ್ನು ಕೇಳಿ ಇಡಬಹುದಿತ್ತು ಅಲ್ವಾ?

ಇನ್ನೊಂದು ವಿಚಿತ್ರ ಯಾರ ಗಮನಕ್ಕೂ ಅಷ್ಟಾಗಿ ಬೀಳಲಿಲ್ಲ. ಯಂಗ್-ಡಂಡಾಸ್ ಸ್ಕ್ವೇರ್ ತೆರೆದದ್ದು 2002ರಲ್ಲಿ. ಅದೇನು ಪುರಾತನ ಗುರುತಲ್ಲ. ಅದರ ಹೆಸರು ಬದಲಿಸಿದಾಗ ಡಂಡಾಸ್ ಜೊತೆ ಯಂಗ್ ಕೂಡ ಹೋದ. ಜಾರ್ಜ್ ಯಂಗ್ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಗವರ್ನರ್ ಆಗಿದ್ದು, ಭ್ರಷ್ಟಾಚಾರದ ದೂರು ಬಂದು ವಾಪಸ್ ಕರೆಸಿಕೊಳ್ಳಲ್ಪಟ್ಟವನು. ಆತನ ಹೆಸರಿನ ಯಂಗ್ ಸ್ಟ್ರೀಟ್ ಟೊರೊಂಟೊದ ಬೆನ್ನೆಲುಬು. ಅದರ ವಿರುದ್ಧ ದೊಡ್ಡ ಚಳವಳಿ ಇಲ್ಲ. ಊರಿನಲ್ಲಿ ಇದೇ ರೀತಿ ಪರಿಶೀಲಿಸಬೇಕಾದ ಸುಮಾರು 60 ಬೀದಿ ಹೆಸರುಗಳಿವೆ, ಅದರಲ್ಲಿ ಹನ್ನೆರಡು ಗುಲಾಮರನ್ನು ಇಟ್ಟುಕೊಂಡಿದ್ದವರದು ಎಂದು ಪಾಲಿಕೆಯ ಅಧಿಕಾರಿಗಳೇ ವರದಿ ಕೊಟ್ಟಿದ್ದರು. ಜಾರ್ವಿಸ್ ಸ್ಟ್ರೀಟ್ ಅಂಥದ್ದು. ಡಂಡಾಸ್ ಎಂದೂ ಕೆನಡಾಕ್ಕೆ ಬರಲಿಲ್ಲ, ಆದರೆ ವಿಲಿಯಂ ಜಾರ್ವಿಸ್ ಇದೇ ಊರಿನಲ್ಲಿ ಬದುಕಿ ತನ್ನ ಮನೆಯಲ್ಲೇ ಗುಲಾಮರನ್ನು ಇಟ್ಟುಕೊಂಡಿದ್ದ. ಬೆರಳು ತೋರಿಸಬೇಕಾದರೆ ಜಾರ್ವಿಸ್ ಹತ್ತಿರದವನು. ಆದರೆ ಡಂಡಾಸ್ ಹೆಸರು ದೊಡ್ಡದು, ಬೀದಿ ಉದ್ದದ್ದು, ಎಡಿನ್‌ಬರೊದಲ್ಲಿ ಆಗಲೇ ಜಗಳ ಕಾವೇರಿತ್ತು.

ಈಗ ನಾನು ಯಾರೂ ಸರಿಯಾಗಿ ಕೇಳಲಿಲ್ಲ ಅಂದ ಎರಡನೇ ಪ್ರಶ್ನೆ. ಬೀದಿಗೆ ಹೆಸರಿಡುವುದು ಮರ್ಯಾದೆಯೋ, ಗುರುತೋ? ಪ್ರತಿಮೆ ವಿಷಯದಲ್ಲಿ ಈ ಗೊಂದಲವಿಲ್ಲ. ಕಂಬದ ತುದಿಯಲ್ಲಿ ಒಬ್ಬನನ್ನು ನಿಲ್ಲಿಸುವುದು ಮರ್ಯಾದೆಗೇ. ಬೀದಿ ಹಾಗಲ್ಲ. 1793ರಲ್ಲಿ ಡಂಡಾಸ್ ಅನ್ನುವುದು ಮರ್ಯಾದೆಯೇ ಆಗಿತ್ತು. ಇನ್ನೂರು ವರ್ಷದ ಮೇಲೆ ಅದು ಟ್ರಾಮಿನ ಹಣೆಯ ಮೇಲಿನ ಪದ. ಟೊರೊಂಟೊದ ಪೇಟೆ ಭಾಗದ ಡಂಡಾಸ್ ಸ್ಟ್ರೀಟ್ ಅಂತೂ ಸಿಮ್ಕೊ ಮಾಡಿಸಿದ ರಸ್ತೆಯೂ ಅಲ್ಲ. ಸೇಂಟ್ ಪ್ಯಾಟ್ರಿಕ್ ಸ್ಟ್ರೀಟ್, ಆಗ್ನೆಸ್ ಸ್ಟ್ರೀಟ್, ವಿಲ್ಟನ್ ಅವೆನ್ಯೂ ಅಂತೆಲ್ಲ ಇದ್ದ ಬಿಡಿ ಬಿಡಿ ಬೀದಿಗಳನ್ನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಜೋಡಿಸಿ, ಅವುಗಳ ಹೆಸರು ಅಳಿಸಿ, ಎಲ್ಲಕ್ಕೂ ಡಂಡಾಸ್ ಅಂದರು. ಟ್ರಾಫಿಕ್ ಸಲೀಸಾಗಲಿ ಎಂದು ಮಾಡಿದ್ದು ಅದು. ಹೆಸರು ಬದಲಿಸಿದರೆ ಇತಿಹಾಸ ಅಳಿಸಿಹೋಗುತ್ತದೆ ಅನ್ನುವವರು ಆಗ್ನೆಸ್ ಬೀದಿಯ ಇತಿಹಾಸ ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಬೇಕು.

ಹಾಗಂತ ಬರೀ ಗುರುತು ಎಂದು ಕೈತೊಳೆದುಕೊಳ್ಳುವುದೂ ಸುಲಭವಲ್ಲ. ದಿನಕ್ಕೆರಡು ಸಲ ಆ ಬೋರ್ಡಿನ ಕೆಳಗೆ ಟ್ರಾಮಿಗೆ ಕಾಯುವ ಕಪ್ಪು ಕೆನಡಿಯನ್ ಒಬ್ಬರಿಗೆ, ಆ ಕಥೆ ಗೊತ್ತಾದ ಮೇಲೆ, ಅದು ಮತ್ತೆ ಬರೀ ಗುರುತಾಗುವುದಿಲ್ಲ. ಒಬ್ಬನಿಗೆ ವಿಳಾಸವಾಗಿರುವುದು ಇನ್ನೊಬ್ಬನಿಗೆ ಅವಮಾನವಾಗಿರುವಾಗ ಅದನ್ನು ಬಜೆಟ್ ಲೆಕ್ಕದಲ್ಲಿ ಬಗೆಹರಿಸಲಾಗದು. ಟೊರೊಂಟೊದಲ್ಲಿ ಆಗಿದ್ದು ಅದೇ.

ಇದೇ ಕೆನಡಾದಲ್ಲಿ ಬೇರೆ ಥರ ಮುಗಿದ ಕಥೆಯೂ ಇದೆ. ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಊರನ್ನು 1749ರಲ್ಲಿ ಕಟ್ಟಿದವನು ಎಡ್ವರ್ಡ್ ಕಾರ್ನ್‌ವಾಲಿಸ್. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್‌ಗೆ ಈತ ಚಿಕ್ಕಪ್ಪ. ಅಲ್ಲಿನ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರನ್ನು ಕೊಂದು ತಲೆಯ ಚರ್ಮ ತಂದವರಿಗೆ ಬಹುಮಾನ ಎಂದು ಆತ ಹೊರಡಿಸಿದ ಆಜ್ಞೆ ದಾಖಲೆಯಲ್ಲಿದೆ. ಅದರ ಬಗ್ಗೆ ಹಾಗಾಗದಿದ್ದರೆ ಹೀಗಾಗುತ್ತಿತ್ತು ಅನ್ನುವ ವಾದಕ್ಕೆ ಜಾಗವಿಲ್ಲ. 2018ರ ಜನವರಿಯಲ್ಲಿ ಆತನ ಪ್ರತಿಮೆ ಇಳಿಸಿದರು. ಆತನ ಹೆಸರಿನ ಬೀದಿಯಲ್ಲಿದ್ದ, ಕಪ್ಪು ಜನರ ಹಳೆಯ ಚರ್ಚು ಪಾಲಿಕೆಗೆ ಕಾಯದೆ ಮೊದಲೇ ತನ್ನ ಹೆಸರಿನಿಂದ ಕಾರ್ನ್‌ವಾಲಿಸ್‌ನನ್ನು ಬಿಟ್ಟಿತ್ತು. 2023ರ ಅಕ್ಟೋಬರ್‌ನಲ್ಲಿ, ಅಂದರೆ ಟೊರೊಂಟೊ ಹಿಂದೆ ಸರಿಯುವ ಸುಮಾರು ಆರು ವಾರ ಮೊದಲು, ಆ ಬೀದಿ ನೋರಾ ಬರ್ನಾರ್ಡ್ ಸ್ಟ್ರೀಟ್ ಆಯಿತು. ಆಕೆ ವಸತಿ ಶಾಲೆಯಲ್ಲಿ ನೊಂದವರ ಪರಿಹಾರಕ್ಕಾಗಿ ಕೋರ್ಟಿನಲ್ಲಿ ಹೋರಾಡಿದ ಮಿಕ್‌ಮಾಕ್ ಹೆಣ್ಣುಮಗಳು. ಬೀದಿ ಚಿಕ್ಕದು, ಸಾಕ್ಷಿ ನೇರ, ಹೊಸ ಹೆಸರು ಅದೇ ನೆಲದ್ದು. ಮೂರೂ ಕೂಡಿಬಂದವು.

ಟೊರೊಂಟೊಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಖರ್ಚಿನ ಲೆಕ್ಕ ಕೈಗೆ ಬರುವ ಮುಂಚೆ ಮತ ಹಾಕಿದರು. ಮತ ಹಾಕಿದ ಮೇಲೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ ಅನ್ನುವುದನ್ನು ಕಂಡುಕೊಂಡರು. ನಾನಾಗಿದ್ದರೆ ಬೀದಿಯ ತಂಟೆಗೆ ಹೋಗದೆ ಚೌಕದಿಂದಲೇ ಶುರು ಮಾಡುತ್ತಿದ್ದೆ, ಹೆಸರನ್ನು ಊರಿನ ಮುಂದೆ ಇಡುತ್ತಿದ್ದೆ. ಬೀದಿಯ ಮೂಲೆಗಳಲ್ಲಿ ಡಂಡಾಸ್ ಯಾರು, ಲಂಡನ್ನಿನಲ್ಲಿ ಏನು ಮಾಡಿದ, ಹೈಟಿಯಲ್ಲಿ ಏನಾಯಿತು, ಶ್ರೀರಂಗಪಟ್ಟಣದಲ್ಲಿ ಏನಾಯಿತು ಎಂದು ನಾಲ್ಕು ಸಾಲು ಬರೆಸುತ್ತಿದ್ದೆ. ಫಲಕ ಬರೆಸುವುದೂ ಸಲೀಸಲ್ಲ ಬಿಡಿ. ಎಡಿನ್‌ಬರೊದ ಫಲಕವನ್ನು 2023ರಲ್ಲಿ ಡಂಡಾಸ್ ವಂಶದವರ ಕಡೆಯವರು ಕಿತ್ತುಹಾಕಿದರು, 2024ರಲ್ಲಿ ಪಾಲಿಕೆ ಮತ್ತೆ ಕೂರಿಸಿತು.

ಟೊರೊಂಟೊ ಪಾಲಿಕೆ 2023ರ ಡಿಸೆಂಬರ್‌ನಲ್ಲಿ ಡಂಡಾಸ್ ನಿರ್ದೋಷಿ ಎಂದೇನೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಚೌಕದ ಹೆಸರು ತೆಗೆಯುವ ಕಾರಣವೇ ಇರುತ್ತಿರಲಿಲ್ಲ. ಹಾಗಾಗಿ ಈಗ ಟೊರೊಂಟೊದ ಅಧಿಕೃತ ನಿಲುವು ಅಂದರೆ ಇಷ್ಟು: ಈ ಹೆಸರು ಊರಿಗೆ ತಕ್ಕದ್ದಲ್ಲ, ಆದರೆ 23 ಕಿಲೋಮೀಟರ್ ಉದ್ದಕ್ಕೂ ಅದು ಇರುತ್ತದೆ.